ಸೆನ್ಸರ್‌ಗೆ ಚುಚ್ಚಿದ ಆಲೂಗಡ್ಡೆ

ಫೆಬ್ರವರಿ 3, ಮಂಗಳವಾರ

ನಮ್ಮ ಓವನ್ ಇವತ್ತು ಕೆಲಸದ ಮಧ್ಯೆ ಮುಷ್ಕರ ಹೂಡಿತು. ಬನ್ನು ಅರ್ಧ ಬೆಂದಿತ್ತು. ಪೀಂ ಪೀಂ ಎಂದು ಅರಚಿ, ಮುಖದ ಮೇಲಿನ ಅಂಕೆಗಳನ್ನೆಲ್ಲ ಅಳಿಸಿಕೊಂಡು, ಎರಡು ಅಡ್ಡಗೆರೆ ತೋರಿಸಿ ಆರಿಹೋಯಿತು. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಬೆನ್ನಿಗೆ ಎರಡು ತಟ್ಟಿದೆ. ನನಗೆ ಬರುವ ರಿಪೇರಿ ಇಷ್ಟೇ. ನಾನು ಓಡಿಸುವ ಲಿಫ್ಟಿಗೂ ಇದೇ ಔಷಧ, ಅದು ಮಾತು ಕೇಳುತ್ತದೆ. ಓವನ್ ಕೇಳಲಿಲ್ಲ. ತಟ್ಟಿದ್ದಕ್ಕೆ ಇನ್ನೊಂದು ಸಲ ಪೀಂ ಎಂದಿತು.

ಬೇರೆ ಸಮಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇವಳು, ನನ್ನ ಹೆಂಡತಿ, ಕಳೆದ ವಾರವಷ್ಟೇ ಶರ್ಟು ಕಾರ್ಖಾನೆಯಲ್ಲಿ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟು ಬಂದಿದ್ದಾಳೆ. ಗುಂಡಿ ಹೊಲಿದು ಹೊಲಿದು ಅವಳ ಕುತ್ತಿಗೆ ಎಡಕ್ಕೆ ಮಾತ್ರ ತಿರುಗುತ್ತದೆ. ರಸ್ತೆ ದಾಟುವಾಗ ಬಲಗಡೆ ನೋಡುವ ಜವಾಬ್ದಾರಿ ನನ್ನದು. ಈ ತಿಂಗಳ ಕೊನೆಯವರೆಗೆ ಹೋಗಬೇಕು, ಆಮೇಲೆ ಕಾರ್ಖಾನೆ ಮುಗಿಯಿತು. ಮುಂದಿನ ತಿಂಗಳಿಂದ ನಮ್ಮ ಆಫೀಸು ಕಟ್ಟಡದ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಒಂದು ಬುಟ್ಟಿ ಬನ್ನು ಕೊಡುವುದು. ಕ್ಯಾಂಟೀನಿನ ಅಕ್ಕ ಒಪ್ಪಿದ್ದಾಳೆ, ಒಂದೇ ಷರತ್ತು. ಇಪ್ಪತ್ತೇಳನೇ ತಾರೀಕು ಒಂದು ಬುಟ್ಟಿ ತಂದು ತೋರಿಸಬೇಕು, ಗಿರಾಕಿಗಳು ತಿಂದು ಹೂಂ ಅನ್ನಬೇಕು.

ಇವಳ ಬನ್ನಿಗೆ ಊಹೂಂ ಅನ್ನುವವರು ಇನ್ನೂ ಹುಟ್ಟಿಲ್ಲ. ಮೇಲೆಲ್ಲ ಕಪ್ಪು ಚುಕ್ಕೆ, ಹಲ್ಲಿಟ್ಟರೆ ಕರುಂ, ಒಳಗೆ ಹತ್ತಿ. ತಿಂದವರೆಲ್ಲ ಹೇಳುವುದು ಒಂದೇ ಮಾತು, ಏನು ಕೈಗುಣ ತಾಯಿ ಅಂತ. ಹಿಟ್ಟು, ನೀರು, ಉಪ್ಪು ಎಲ್ಲರ ಮನೆಯಲ್ಲೂ ಇದೆ. ಅದೇ ಮಾತು ಕೇಳಿ ಕೇಳಿ ಇವಳಿಗೆ ಕಾರ್ಖಾನೆ ಬಿಡುವ ಧೈರ್ಯ ಬಂದದ್ದು.

ಅತ್ತೆ, ಅಂದರೆ ಇವಳ ತಾಯಿ, ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ರಿಪೇರಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ನೋಡಿ ಮಗಳಿಗೆ ಹೇಳಿದರು, "ನಮ್ಮ ಅಳಿಯಂದ್ರು ಅವರ ಲಿಫ್ಟಿನ ಹಾಗೆ ಕಣೇ. ಮೇಲೆ ಹೋಗ್ತಾರೆ, ಕೆಳಗೆ ಬರ್ತಾರೆ, ಎಲ್ಲೂ ಹೋಗಲ್ಲ."

ಫೆಬ್ರವರಿ 5, ಗುರುವಾರ

ಲಿಫ್ಟಿನಲ್ಲಿ ಒಂದು ವಿಷಯ ಹೇಳಬೇಕಾದರೆ ಬಾಗಿಲು ಮುಚ್ಚಿ ತೆರೆಯುವಷ್ಟರಲ್ಲಿ ಹೇಳಿ ಮುಗಿಸಬೇಕು. ನಾನು ಅದರಲ್ಲಿ ಪಳಗಿದವನು. ಎರಡು ದಿನದಲ್ಲಿ ಇಡೀ ಕಟ್ಟಡಕ್ಕೆ ನಮ್ಮ ಓವನ್ನಿನ ಸಮಾಚಾರ ತಲುಪಿತು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು, ನೋವಿರುವುದನ್ನು ಕಿತ್ತು ಬಿಸಾಕಿ ಎಂದರು. ಎರಡನೇ ಮಹಡಿಯ ವಕೀಲರು ಓವನ್ ಮಾರಿದವನಿಗೆ ನೋಟಿಸ್ ಕೊಡೋಣ ಎಂದರು. ಅವನು ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ವಾರಸುದಾರರು ಇದ್ದಾರಾ ಎಂದು ಕೇಳುವಷ್ಟರಲ್ಲಿ ಅವರ ಮಹಡಿ ಬಂತು. ಐದನೇ ಮಹಡಿಯ ವಿಮೆಯವರು ಓವನ್ನಿನ ವಯಸ್ಸು ಕೇಳಿದರು, ಕೇಳಿದ ಮೇಲೆ ಸಂತಾಪ ಸೂಚಿಸಿದರು.

ಸಂಜೆ ಮೆಕ್ಯಾನಿಕ್ ಬಂದ. ತೆಳ್ಳನೆಯ ಮನುಷ್ಯ, ಮಾತು ಇನ್ನೂ ತೆಳ್ಳಗೆ. ಓವನ್ನಿನೊಳಗೆ ತಲೆ ತೂರಿಸಿ ಹಿಂದಿನ ಗೋಡೆಯಿಂದ ಒಂದು ಉಕ್ಕಿನ ಕಡ್ಡಿ ಬಿಚ್ಚಿ ತಂದ. ಪೆನ್ಸಿಲ್ ದಪ್ಪ, ಬೆರಳುದ್ದ, ಬಾಲಕ್ಕೆ ಎರಡು ವೈರು. ನಾನು ಇಷ್ಟು ವರ್ಷ ಅದನ್ನು ಏನೋ ತಗಲಿಹಾಕುವ ಗೂಟ ಅಂದುಕೊಂಡಿದ್ದೆ. ಅದು ಸೆನ್ಸರ್ ಅಂತೆ. ಒಳಗೆ ಎಷ್ಟು ಬಿಸಿಯಿದೆ ಎಂದು ಯಂತ್ರಕ್ಕೆ ಚಾಡಿ ಹೇಳುವುದು ಅದರ ಉದ್ಯೋಗ. ಸಾಕಷ್ಟು ಬಿಸಿಯಾಯಿತು ಎಂದರೆ ಯಂತ್ರ ಕರೆಂಟು ನಿಲ್ಲಿಸುತ್ತದೆ, ಆರಿತು ಎಂದರೆ ಮತ್ತೆ ಕೊಡುತ್ತದೆ. ಈಗ ಚಾಡಿಕೋರನ ನಾಲಿಗೆ ಬಿದ್ದುಹೋಗಿದೆ, ಒಮ್ಮೆ ಮಾತಾಡುತ್ತಾನೆ, ಒಮ್ಮೆ ಇಲ್ಲ. ಅದಕ್ಕೇ ಓವನ್ ಗಾಬರಿಯಾಗಿ ಅರಚುವುದು. ಶನಿವಾರ ಹೊಸದು ತರುತ್ತೇನೆ ಎಂದ.

ಫೆಬ್ರವರಿ 7, ಶನಿವಾರ

ಹೊಸ ಸೆನ್ಸರ್ ಕೂತಿತು. ಮೆಕ್ಯಾನಿಕ್ ತನ್ನ ಥರ್ಮಾಮೀಟರನ್ನು ಒಳಗಿಟ್ಟು ಪರೀಕ್ಷೆ ಮಾಡಿದ. ಓವನ್ ಇನ್ನೂರು ಎಂದಿತು, ಥರ್ಮಾಮೀಟರ್ ಇನ್ನೂರು ಎಂದಿತು. ಗಂಡ ಹೆಂಡತಿ ಕೂಡ ಇಷ್ಟು ಒಂದೇ ಮಾತು ಆಡಿದ್ದನ್ನು ನಾನು ಕಂಡಿಲ್ಲ. ಇವಳು ಸಂಜೆಯೆಲ್ಲ ಹಾಡು ಗುನುಗುತ್ತಿದ್ದಳು.

ಫೆಬ್ರವರಿ 8, ಭಾನುವಾರ

ಬನ್ನು ಬೋಳು ತಲೆಯ ಹಾಗೆ ಹೊರಗೆ ಬಂದವು. ಒಂದು ಚುಕ್ಕೆ ಇಲ್ಲ. ಕಚ್ಚಿದರೆ ಕರುಂ ಇಲ್ಲ, ಚಪ್ಪಲಿಯ ಮೆತ್ತೆಯ ಹಾಗೆ ಹಲ್ಲಿನ ಜೊತೆ ಹಗ್ಗಜಗ್ಗಾಟ ಆಡುತ್ತವೆ. ಇವಳು ಹಿಟ್ಟಿನ ಮೇಲೆ ಸಂಶಯಪಟ್ಟಳು. ನಾನು ಬನ್ನಿಗೆ ಒಂದು ಟೋಪಿ ಹೊಲಿಸೋಣ ಎಂದೆ. ಯಾರೂ ನಗಲಿಲ್ಲ.

ಫೆಬ್ರವರಿ 11, ಬುಧವಾರ

ಹಿಟ್ಟು ಬದಲಾಯಿತು. ಈಸ್ಟ್ ಬದಲಾಯಿತು. ಅಂಕೆ ಇನ್ನೂರೈವತ್ತು, ಅದಕ್ಕಿಂತ ಮೇಲೆ ನಮ್ಮ ಓವನ್ನಿನಲ್ಲಿ ಅಂಕೆಯೇ ಇಲ್ಲ. ಎಂದಿನಷ್ಟೇ ಹೊತ್ತು ಇಟ್ಟಳು, ಬೋಳು. ಇನ್ನಷ್ಟು ಹೊತ್ತು ಇಟ್ಟಳು, ಒಣಗಿ ಬಿರುಕುಬಿಟ್ಟ ಬೋಳು.

ಅತ್ತೆ ಒಂದನ್ನು ಹಾಲಿನಲ್ಲಿ ಅದ್ದಿ ತುಂಬ ಹೊತ್ತು ಕಾದರು. ಹಾಲು ತಣ್ಣಗಾಯಿತು, ಬನ್ನು ಬಗ್ಗಲಿಲ್ಲ. ಹಾಲು ಮಾತ್ರ ಕುಡಿದು ಎದ್ದರು.

ಫೆಬ್ರವರಿ 13, ಶುಕ್ರವಾರ

ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದೆವು. ಅವನು ಪಾತ್ರೆಯಲ್ಲಿ ನೀರು ಕುದಿಸಿ, ಹೊಸ ಸೆನ್ಸರ್ ಬಿಚ್ಚಿ ಅದ್ದಿದ. ಮೀಟರಿನ ಲೆಕ್ಕ ನೂರು. ಆಮೇಲೆ ಚೀಲದ ತಳದಿಂದ ನಮ್ಮ ಹಳೆಯದನ್ನು ಹುಡುಕಿ ತೆಗೆದು, ಬಾಲ ಹಿಂಡಿ ಹಿಡಿದು, ಅದನ್ನೂ ಅದ್ದಿದ. ಅದು ಎಂಬತ್ತು ಎಂದಿತು. ಇನ್ನೊಂದು ಸಲ ಅಲುಗಾಡಿಸಿದ್ದಕ್ಕೆ ಏನನ್ನೂ ಹೇಳದೆ ಕಣ್ಣು ಮುಚ್ಚಿತು.

ಅವನು ನಿಧಾನವಾಗಿ ವಿವರಿಸಿದ. ಹಳೆಯ ಕಡ್ಡಿ ಮೊದಲಿನಿಂದಲೂ ಬಿಸಿಯನ್ನು ಕಮ್ಮಿ ಮಾಡಿ ಹೇಳುತ್ತಿತ್ತು, ಬಿಸಿ ಏರಿದಷ್ಟೂ ಸುಳ್ಳೂ ಏರುತ್ತಿತ್ತು. ಹೊರಗೆ ಇನ್ನೂರೈವತ್ತು ಎಂದು ಅಂಕೆ ಬರುವಾಗ ಒಳಗೆ ಮುನ್ನೂರರ ಹತ್ತಿರ ಇರುತ್ತಿತ್ತು. ಮನೆಯ ಓವನ್ನಿಗೆ ಅಷ್ಟು ಶಾಖದ ಅಪ್ಪಣೆಯೇ ಇಲ್ಲ. ಚುಕ್ಕೆ ಬರುತ್ತಿದ್ದದ್ದು ಆ ಶಾಖಕ್ಕೆ. ಈಗ ಓವನ್ ಸತ್ಯವಂತನಾಗಿದ್ದಾನೆ, ಇನ್ನೂರೈವತ್ತಕ್ಕೆ ಕೈ ಕಟ್ಟಿ ನಿಲ್ಲುತ್ತಾನೆ. ಅಂಥ ಸುಳ್ಳಿನ ಕಡ್ಡಿ ಇನ್ನೊಂದು ಸಿಗುತ್ತದಾ ಎಂದು ಕೇಳಿದೆ. ಅವನು ಹಳೆಯದನ್ನು ಚೀಲಕ್ಕೆ ಹಾಕಿಕೊಂಡು, ಕೆಟ್ಟದ್ದನ್ನು ಯಾರೂ ಸ್ಟಾಕ್ ಇಡಲ್ಲ ಸಾರ್ ಎಂದ.

ಇವಳು ಎಲ್ಲ ಕೇಳಿಸಿಕೊಂಡು ಒಲೆಕಟ್ಟೆಗೆ ಒರಗಿ ನಿಂತಿದ್ದಳು. ಅವನು ಹೋದ ಮೇಲೆ ಹೇಳಿದಳು.

"ಹಾಗಾದ್ರೆ ಇಷ್ಟು ವರ್ಷ ಬನ್ನು ಮಾಡಿದ್ದು ನಾನಲ್ಲ. ಆ ಕಡ್ಡಿ."

ಕಡ್ಡಿಗೆ ಹಿಟ್ಟು ನಾದೋಕೆ ಬರುತ್ತಾ ಎಂದು ಕೇಳಿದೆ. ಅವಳು ಬಾಣಲೆ, ಮುಚ್ಚಳ, ದೊಡ್ಡ ಪಾತ್ರೆ ಎಲ್ಲ ತಂದು ಓವನ್ನಿನೊಳಗೆ ಜೋಡಿಸಿ ಬಾಗಿಲು ಹಾಕಿದಳು. ನಮ್ಮ ಓವನ್ ಈಗ ಕಪಾಟು.

ಫೆಬ್ರವರಿ 14, ಶನಿವಾರ

ಕಾರ್ಖಾನೆಯ ಮೇಲ್ವಿಚಾರಕಿಯನ್ನು ಕಂಡು ವಿಚಾರಿಸಿದಳಂತೆ. ಕೆಲಸ ಬೇಕಿದ್ದರೆ ಇಪ್ಪತ್ಮೂರನೇ ತಾರೀಕು, ಸೋಮವಾರ, ಬಂದು ಹೇಳಬೇಕು. ಎಲ್ಲರ ಎದುರು ಹೇಳಬೇಕು ಎಂದಳಂತೆ ಆ ಪುಣ್ಯಾತ್ಗಿತ್ತಿ. ಬಿಡುವ ದಿನ ಇವಳು ಎಲ್ಲರ ಎದುರು ಏನೇನು ಹೇಳಿ ಬಂದಿದ್ದಳು ಎಂದು ನನಗೆ ಗೊತ್ತು. ಅದನ್ನು ನಾನು ಐದೂ ಮಹಡಿಗೆ ಅಭಿನಯಿಸಿ ತೋರಿಸಿದ್ದೆ.

ಇವತ್ತು ವಕೀಲರನ್ನು ಎರಡನೇ ಮಹಡಿಯ ಬದಲು ಐದಕ್ಕೆ ಒಯ್ದುಬಿಟ್ಟೆ.

ಫೆಬ್ರವರಿ 16, ಸೋಮವಾರ

ತಲೆಗೆ ಒಂದು ವಿಚಾರ ಬಂದಿದೆ. ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಹೊರಟುಹೋಗುತ್ತದೆ, ನನ್ನ ತಲೆಯಲ್ಲಿ ವಿಚಾರಗಳು ಬಾಡಿಗೆಗೆ ಇರುವುದಿಲ್ಲ.

ಮುನ್ನೂರರ ಶಾಖವೇ ಬನ್ನು ಮಾಡುವುದಾದರೆ, ಆ ಶಾಖದಲ್ಲಿ ನಾನು ಮಾಡಿದರೂ ಬನ್ನು ಚೆನ್ನಾಗಿ ಬರಬೇಕು. ನಾನು ಹುಟ್ಟಿದಾಗಿನಿಂದ ನೀರು ಬಿಟ್ಟು ಬೇರೇನೂ ಕಾಯಿಸಿದವನಲ್ಲ. ನನ್ನದು ಕೆಡುವುದು ಗ್ಯಾರಂಟಿ. ಕೆಟ್ಟರೆ, ಶಾಖದ್ದಲ್ಲ, ಅವಳ ಕೈಯದ್ದೇ ಗುಣ ಎಂದು ಸಾಬೀತು. ಕೆಡಿಸಿ ಗೆಲ್ಲುವ ಆಟ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಶಾಖ ತರುವುದು ಹೇಗೆ? ಅದಕ್ಕೂ ಲಿಫ್ಟಿನಲ್ಲೇ ದಾರಿ ಸಿಕ್ಕಿತು. ನಾಲ್ಕನೇ ಮಹಡಿಯ ಗುಮಾಸ್ತರು ತಮ್ಮ ಆಫೀಸಿನ ಏಸಿಗೆ ಮೋಸ ಮಾಡುತ್ತಾರೆ. ಗೋಡೆಯ ಮೇಲಿನ ಅದರ ಸೆನ್ಸರ್ ಕೆಳಗೆ ಬಿಸಿ ಟೀ ಲೋಟ ಇಡುತ್ತಾರೆ. ಅಯ್ಯೋ ಸೆಖೆ ಎಂದು ಅದು ಇನ್ನಷ್ಟು ತಂಪು ಊದುತ್ತದೆ. ಅಂದರೆ ನಮ್ಮ ಸತ್ಯವಂತನಿಗೆ ಚಳಿಯಾಗುತ್ತಿದೆ ಎನ್ನಿಸಬೇಕು. ಒದ್ದೆ ಬಟ್ಟೆ ಸುತ್ತಿದರೆ ಸುಟ್ಟುಹೋಗುತ್ತದೆ. ನೀರು ತುಂಬಿದ, ಕಡ್ಡಿಗೆ ಚುಚ್ಚಲು ಬರುವ, ಬೇಗ ಒಣಗದ ವಸ್ತು ಬೇಕು. ಮನೆಯೆಲ್ಲ ನೋಡಿದೆ. ತರಕಾರಿ ಬುಟ್ಟಿಯಲ್ಲಿ ಅದು ನನ್ನನ್ನೇ ನೋಡುತ್ತಿತ್ತು.

ಫೆಬ್ರವರಿ 17, ಮಂಗಳವಾರ

ನನ್ನ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಇವಳು ಬರುವುದು ಸಂಜೆ. ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು, ಸೆನ್ಸರ್ ಕಡ್ಡಿಗೆ ಒಂದು ಒಳ್ಳೆಯ ದಪ್ಪ ಆಲೂಗಡ್ಡೆ ಚುಚ್ಚಿದೆ. ಗೋಡೆಗೆ ಮೂಗು ಬಂದ ಹಾಗಾಯಿತು. ಸ್ವಿಚ್ ಹಾಕಿದೆ.

ಓವನ್ನಿಗೆ ಪಾಪ ಏನೂ ತಿಳಿಯಲಿಲ್ಲ. ತೊಂಬತ್ತು, ತೊಂಬತ್ತು ಎಂದು ಗೊಣಗುತ್ತ ಕಾದೇ ಕಾಯಿತು. ಗಾಜಿನ ಹತ್ತಿರ ನಿಲ್ಲಲಾಗದಷ್ಟು ಕಾದರೂ ಅದರ ಲೆಕ್ಕದಲ್ಲಿ ಇನ್ನೂ ತೊಂಬತ್ತು. ಕೊನೆಗೆ ಬೆನ್ನಿನ ಕಡೆಯಿಂದ ಟಕ್ ಎಂದು ಸದ್ದಾಗಿ ತಾನೇ ಆರಿತು, ಮನೆಯ ಕರೆಂಟನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಅತ್ತೆ ನಿಂತುಹೋದ ಫ್ಯಾನಿನ ಕೆಳಗೆ ಕೂತೇ ವಿಚಾರಿಸಿದರು, ಬೆಂದಿದ್ದು ಬನ್ನಾ, ಆಲೂಗಡ್ಡೆಯಾ, ಅಳಿಯನಾ ಎಂದು. ಆಲೂಗಡ್ಡೆ ಚೆನ್ನಾಗಿ ಬೆಂದಿತ್ತು. ಉಪ್ಪು ಹಾಕಿ ಇಬ್ಬರೂ ತಿಂದೆವು.

ಫೆಬ್ರವರಿ 19, ಗುರುವಾರ

ಸಣ್ಣ ಆಲೂಗಡ್ಡೆ ಬೇಕು, ನಿಂಬೆಹಣ್ಣಿನ ಗಾತ್ರ. ಅದು ಒಣಗುವಷ್ಟರಲ್ಲಿ ಶಾಖ ಮುನ್ನೂರಕ್ಕೆ ಹತ್ತಿರ ಬಂದಿರುತ್ತದೆ, ಒಣಗಿದ ಮೇಲೆ ಓವನ್ನಿಗೆ ಬುದ್ಧಿ ಬಂದು ನಿಲ್ಲುತ್ತದೆ. ತರಕಾರಿಯವಳ ಅಂಗಡಿಯಲ್ಲಿ ಒಂದೊಂದೇ ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಅಳೆದೆ. ಏನಡುಗೆ ಎಂದು ಕೇಳಿದಳು. ಅಡುಗೆಗಲ್ಲ, ಸೆನ್ಸರ್‌ಗೆ ಎಂದೆ. ಹಿಂದೆ ನಿಂತಿದ್ದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ದೂರ ಸರಿಸಿಕೊಂಡಳು.

ಹಿಟ್ಟು ನಾನೇ ಕಲಸಿದೆ, ನಾನೇ ಬೇಯಿಸಿದೆ. ಚುಕ್ಕೆಯೇನೋ ಬಂತು. ಬನ್ನು ಮಾತ್ರ ಕಲ್ಲು. ಮೇಜಿಗೆ ಬಡಿದರೆ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ. ಜನ್ಮದಲ್ಲಿ ಸೋತು ಇಷ್ಟು ಸಂತೋಷಪಟ್ಟಿರಲಿಲ್ಲ. ಇವಳು ಚಪ್ಪಲಿ ಬಿಡುವ ಮೊದಲೇ ಕೈಗೊಂದು ಕೊಟ್ಟು, ಶಾಖ ಅದೇ, ಕೈ ಬೇರೆ, ನೋಡು ಎಂದೆ. ಆಲೂಗಡ್ಡೆಯ ಕಥೆ ಕೇಳಿ ಅವಳ ತುಟಿ ಒಂದು ಕಡೆ ಅಲುಗಿತು. ಬನ್ನು ಮುರಿಯಲು ನೋಡಿದಳು, ಆಗಲಿಲ್ಲ. ನೆಕ್ಕಿ ನೋಡಿದಳು.

"ಉಪ್ಪು ಹಾಕಿದ್ರಾ?"

ಮರೆತಿದ್ದೆ. ಉಬ್ಬಲು ಬಿಟ್ಟಿದ್ರಾ ಎಂದಳು. ಅದು ಬೇರೆ ಬಿಡಬೇಕಾ ಎಂದೆ.

"ದಡ್ಡರ ಕೈಲಿ ಕೆಟ್ರೆ ಅದು ದಡ್ಡತನ ಕಣ್ರೀ, ನನ್ನ ಕೈಗುಣ ಹೇಗಾಗುತ್ತೆ? ನಾನು ಮಾಡೋ ಹಾಗೇ ಮಾಡಿ, ಒಂದೂ ಬಿಡದೆ. ಭಾನುವಾರ, ನನ್ನ ಕಣ್ಣೆದುರಿಗೆ. ಆಗಲೂ ಕೆಟ್ರೆ ಒಪ್ತೀನಿ, ಕ್ಯಾಂಟೀನಿಗೆ ಬನ್ನು ಮಾಡ್ತೀನಿ."

"ಕೆಡದೇ ಇದ್ರೆ?"

"ಸೋಮವಾರ ಹೋಗಿ ಕೆಲಸ ವಾಪಸ್ ಕೇಳ್ತೀನಿ."

ಆಮೇಲೆ ಮಂಚದ ಮೇಲೆ ಗೋಡೆಗೊರಗಿ ಕೂತು ಹೇಳುತ್ತ ಹೋದಳು. ನೀರು ಮಣಿಕಟ್ಟಿಗೆ ಬಿಟ್ಟುಕೊಂಡರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಹಿಟ್ಟನ್ನು ಎಳೆದು ಹಿಡಿದರೆ ಹರಿಯದೆ, ಹಿಂದಿನ ಬೆರಳಿನ ನೆರಳು ಕಾಣುವಷ್ಟು ನಾದಬೇಕು. ಒದ್ದೆ ಬಟ್ಟೆ ಹೊದಿಸಿ ಬಿಟ್ಟ ಮೇಲೆ ಗಡಿಯಾರ ನೋಡಬಾರದು, ಹಿಟ್ಟನ್ನು ನೋಡಬೇಕು. ಬೆರಳಿಂದ ಒತ್ತಿದ ಗುಳಿ, ನಿದ್ದೆಯಿಂದ ಏಳುವವರ ಹಾಗೆ ನಿಧಾನಕ್ಕೆ ಮೇಲೆ ಬರಬೇಕು. ತಕ್ಷಣ ಎದ್ದರೆ ಇನ್ನೂ ಕಾಯಿ, ಏಳದೇ ಹೋದರೆ ಹೊತ್ತು ಮೀರಿತು.

ಇಷ್ಟು ವರ್ಷ ತಿಂದಿದ್ದೇನೆ, ಇದರಲ್ಲಿ ಒಂದೂ ಗೊತ್ತಿರಲಿಲ್ಲ. ನಡುವೆ ನಾನು ಒಂದು ಜೋಕು ಹೇಳಬಹುದಿತ್ತು. ಅವಳು ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಹೇಳಲಿಲ್ಲ.

ಫೆಬ್ರವರಿ 20, ಶುಕ್ರವಾರ

ಅನಾಹುತವಾಗಿದೆ.

ಭಾನುವಾರಕ್ಕೆ ಮುಂಚೆ ಒಂದು ಸಲ ಕೈ ಪಳಗಿಸೋಣ, ಅವಳ ಎದುರು ಉಪ್ಪು ಮರೆತು ಮರ್ಯಾದೆ ಕಳೆದುಕೊಳ್ಳಬಾರದು ಎಂದು ಮಧ್ಯಾಹ್ನ ಒಂದು ಟ್ರೇ ಮಾಡಿದೆ. ಹೇಳಿದ ಹಾಗೇ ಮಾಡಿದೆ. ನೀರು ಮಣಿಕಟ್ಟಿಗೆ, ಬೆರಳಿನ ನೆರಳು, ಒದ್ದೆ ಬಟ್ಟೆ, ಕಡ್ಡಿಗೆ ಹೊಸ ಆಲೂಗಡ್ಡೆ. ನಾದುವಾಗ ಹಿಟ್ಟು ಒಂದು ಹೊತ್ತಿನಲ್ಲಿ ಕೈಗೆ ಅಂಟುವುದನ್ನು ಬಿಟ್ಟು, ತಾನೇ ದುಂಡಗೆ ಕೂತುಕೊಂಡಿತು, ಎಷ್ಟು ಮುದ್ದಾಗಿ ಅಂತೀರಿ. ಯಾರಿಗೆ ಅಂತೀರಿ ಅಂದೆನೋ, ಇಲ್ಲಿ ನಾನೊಬ್ಬನೇ ಇರುವುದು.

ಓವನ್ ಬಾಗಿಲು ತೆಗೆದರೆ ಒಳಗೆ ಚುಕ್ಕೆ ಬನ್ನುಗಳು. ಒಂದನ್ನು ಮುರಿದೆ. ಕರುಂ ಎಂದಿತು. ಒಳಗೆ ಹತ್ತಿ.

ಅತ್ತೆಯ ಮುಂದೆ ಟ್ರೇ ಹಿಡಿದೆ. ಅತ್ತೆ ಒಂದು ತಿಂದರು. ಇನ್ನೊಂದು ತಿಂದರು. ಕಣ್ಣು ಮುಚ್ಚಿಕೊಂಡರೆ ಮಗಳೇ ಮಾಡಿದ ಹಾಗಿದೆ ಎಂದರು. ಕಣ್ಣು ತೆರೆದುಕೊಂಡು ತಿನ್ನಿ ಅತ್ತೆ, ದಯವಿಟ್ಟು, ಎಂದು ಕೈ ಮುಗಿದೆ. ಇವಳಿಗೆ ತಿಳಿದರೆ ಸೋಮವಾರ ಕಾರ್ಖಾನೆಗೆ ಹೋಗಿ ಆ ಮೇಲ್ವಿಚಾರಕಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾಳೆ ಎಂದು ಬಿಡಿಸಿ ಹೇಳಿದೆ. ಯಾರಿಗೂ ಹೇಳಬಾರದು ಎಂದೆ.

"ನನ್ನ ಬಾಯಲ್ಲಿ ಹಲ್ಲೇ ನಿಲ್ಲಲಿಲ್ಲ ಅಳಿಯಂದ್ರೆ," ಎಂದರು. "ಗುಟ್ಟು ನಿಲ್ಲುತ್ತಾ ನೋಡೋಣ."

ಉಳಿದದ್ದನ್ನು ಲಿಫ್ಟಿಗೆ ಒಯ್ದರೆ ಊರಿಗೆಲ್ಲ ಟಾಂಟಾಂ. ಅದಕ್ಕೆ ಒಂದೊಂದಾಗಿ ನಾನೇ ತಿಂದೆ. ಕಿಟಕಿಯ ಹತ್ತಿರ ನಿಂತು ತಿಂದೆ. ಚೆನ್ನಾಗಿದ್ದವು. ಇನ್ನೂ ಹೊಟ್ಟೆ ಭಾರ.

ಫೆಬ್ರವರಿ 21, ಶನಿವಾರ

ಬೇಕೆಂದೇ ಕೆಡಿಸುವುದು ಎಷ್ಟು ಕಷ್ಟ. ಉಪ್ಪು ಬಿಟ್ಟರೆ ಗೊತ್ತಾಗುತ್ತದೆ. ಸುಟ್ಟರೆ ಬೇಕೆಂದೇ ಸುಟ್ಟೆ ಅನ್ನುತ್ತಾಳೆ. ತಾನಾಗಿ ಕೆಟ್ಟ ಹಾಗೆ ಕಾಣಬೇಕು.

ಲಿಫ್ಟಿನಲ್ಲಿ ಹಲ್ಲಿನ ಡಾಕ್ಟರು ಮೈ ಹುಷಾರಿಲ್ವಾ ಎಂದು ಕೇಳಿದರು. ಒಂದು ಮಾತೂ ಆಡದೆ ಮೂರು ಮಹಡಿ ಏರಿದ್ದೆವಂತೆ.

ಫೆಬ್ರವರಿ 22, ಭಾನುವಾರ

ಪರೀಕ್ಷೆ ಮುಗಿಯಿತು. ನಾನು ಫೇಲು, ಅಂದರೆ ಪಾಸು.

ಇವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು, ಕೈ ಕಟ್ಟಿಕೊಂಡು. ಪಕ್ಕದಲ್ಲಿ ಅತ್ತೆ, ಎರಡನೇ ನ್ಯಾಯಾಧೀಶೆ. ಉಪ್ಪನ್ನು ಎಲ್ಲರಿಗೂ ತೋರಿಸಿ ಹಾಕಿದೆ. ಈಸ್ಟಿಗೆ ನೀರು ಹಾಕುವ ಹೊತ್ತಿಗೆ ಅತ್ತೆಗೆ ಎಲ್ಲಿಂದಲೋ ಕೆಮ್ಮು ಬಂತು. ಅಂಥ ಕೆಮ್ಮನ್ನು ನಾನು ಈ ಮನೆಯಲ್ಲಿ ಕೇಳಿಲ್ಲ. ಇವಳು ಎದ್ದು ಬೆನ್ನು ನೀವಲು ತಿರುಗಿದಳು. ಟೀಗೆಂದು ಕುದಿಯುತ್ತಿದ್ದ ನೀರನ್ನೇ ಈಸ್ಟಿನ ಮೇಲೆ ಸುರಿದುಬಿಟ್ಟೆ. ಪಾಪದ ಜೀವ, ಒಂದು ಗುಳ್ಳೆ ಬಿಡದೆ ಸತ್ತಿತು.

ಆಮೇಲೆ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಹಿಟ್ಟು ಉಬ್ಬಲಿಲ್ಲ, ನಾನು ಕಾದೆ. ಒತ್ತಿದ ಗುಳಿ ಮೇಲೇಳಲಿಲ್ಲ, ನಾನು ಆಶ್ಚರ್ಯಪಟ್ಟೆ. ಆಶ್ಚರ್ಯಪಡುವುದರಲ್ಲಿ ನಾನು ಒಳ್ಳೆಯ ನಟ. ಹೊರಗೆ ಬಂದದ್ದು ಬೂಟಿನ ಅಟ್ಟೆ, ಚುಕ್ಕೆ ಸಮೇತ.

ಇವಳು ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. ಹೆಬ್ಬೆರಳಿಂದ ಒತ್ತಿದಳು. ಮುರಿದು ಮೂಗಿಗೆ ಹಿಡಿದಳು. ನಾನು ಕಲಸಿದ ಪಾತ್ರೆಯನ್ನು ನೋಡಿದಳು, ನನ್ನ ಕೈ ನೋಡಿದಳು, ತಾಯಿಯನ್ನು ನೋಡಿದಳು. ಅತ್ತೆ ಸೂರು ನೋಡುತ್ತಿದ್ದರು.

"ಇಷ್ಟು ಚೆನ್ನಾಗಿ ಕೆಡಿಸಬೇಕಾದ್ರೆ," ಎಂದಳು, "ಬನ್ನಿನ ವಿಷಯ ಚೆನ್ನಾಗೇ ಗೊತ್ತಿರಬೇಕು."

ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ, ಬೈಗುಳ ಇರಬೇಕು. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಪ್ಪಿದೆ, ಎದ್ದೇಳಿ ಆಚೆ, ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಹೊಸ ಹಿಟ್ಟು ಕಲಸಲು ನಿಂತಳು. ಭುಜ ಸ್ವಲ್ಪ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ಹತ್ತಿರ ಹೋದೆ. ನಗುತ್ತಿದ್ದಳು.

ಅವಳಿಗೆ ಒಂದಿಷ್ಟೂ ಸಂಶಯ ಬಂದಿಲ್ಲ.

ಫೆಬ್ರವರಿ 24, ಮಂಗಳವಾರ

ನಿನ್ನೆ ಸೋಮವಾರ ಅವಳು ಮೇಲ್ವಿಚಾರಕಿಯ ಮೇಜಿನ ಮುಂದೆಯೇ ನಡೆದು ಹೋಗಿ, ನಿಲ್ಲದೆ, ತನ್ನ ಹೊಲಿಗೆ ಯಂತ್ರದ ಮುಂದೆ ಕೂತಳಂತೆ. ಹೇಳುವಾಗ ಕುತ್ತಿಗೆಯನ್ನು ಬಲಕ್ಕೂ ಒಂದು ಚೂರು ತಿರುಗಿಸಿದಳು.

ಮನೆಗೆ ಬಂದವಳೇ, ವ್ಯಾಪಾರವನ್ನು ಆಲೂಗಡ್ಡೆಯ ಮೇಲೆ ಕಟ್ಟೋಕಾಗಲ್ಲ, ಮೆಕ್ಯಾನಿಕ್‌ನ ಕರೀರಿ ಎಂದಳು. ಇವತ್ತು ಬಂದ. ಗೋಡೆಯ ಮೂಗನ್ನು ನೋಡಿ ಟಾರ್ಚು ಆರಿಸಿದ, ಮತ್ತೆ ಹಚ್ಚಿ ನೋಡಿದ. ಅವನ ಬಾಯಿಂದ ಅಷ್ಟು ಮಾತು ಬಂದದ್ದು ಅದೇ ಮೊದಲು. ಬೆನ್ನಿನ ವೈರುಗಳ ಹೊದಿಕೆ ಕಂದು ತಿರುಗಿದೆ, ಇನ್ನು ನಾಲ್ಕು ಸಲ ಹೀಗೆ ಮಾಡಿದರೆ ಬನ್ನಿನ ಜೊತೆ ಅಡುಗೆಮನೆಯೂ ಬೇಯುತ್ತದೆ ಎಂದ. ವೈರು ಬದಲಾಯಿಸಿ, ಆಲೂಗಡ್ಡೆಯನ್ನು ತಾನೇ ಕಿತ್ತು ನನ್ನ ಕೈಗೆ ಕೊಟ್ಟ.

ನನ್ನ ಮುಖ ಹುಳ್ಳಗಾಯಿತು. ಇವಳದ್ದು ಆಗಲಿಲ್ಲ. ಅಟ್ಟದಿಂದ ದಪ್ಪ ಕಬ್ಬಿಣದ ಕಾವಲಿ ಇಳಿಸಿ, ಓವನ್ನಿನೊಳಗೆ ಇಟ್ಟು, ಸತ್ಯವಾದ ಇನ್ನೂರೈವತ್ತರಲ್ಲಿ ತುಂಬ ಹೊತ್ತು ಕಾಯಿಸಿದಳು. ಹಿಟ್ಟಿಗೆ ನೀರು ಒಂದು ಗುಟುಕು ಜಾಸ್ತಿ ಹಾಕಿದಳು. ಬನ್ನನ್ನು ಟ್ರೇಯಲ್ಲಿಡದೆ ಕಾದ ಕಬ್ಬಿಣದ ಮೇಲೇ ಇಟ್ಟಳು. ಮೊದಲನೆಯದು ತಳ ಹತ್ತಿತು. ಎರಡನೆಯದರಲ್ಲಿ ಚುಕ್ಕೆ ಬಂತು, ಕರುಂ ಬಂತು. ಆದರೆ ಚುಕ್ಕೆಯೆಲ್ಲ ತಳದಲ್ಲಿ, ತಲೆ ಬೋಳು.

ಛೆ, ಹತ್ತಿರ ಬಂದು ತಪ್ಪಿತಲ್ಲ ಎಂದೆ. ಅವಳು ಬನ್ನುಗಳನ್ನು ಒಂದೊಂದಾಗಿ ಮಗುಚಿಟ್ಟಳು.

"ಯಾವ ಕಡೆ ಮೇಲೆ ಅಂತ ಬನ್ನಿನ ಮೇಲೆ ಬರ್ದಿದ್ಯಾ?"

ಇದನ್ನು ಯಾವ ಕಡ್ಡಿ ಹೇಳಿಕೊಡುತ್ತದೆ, ನೋಡೋಣ.

ಫೆಬ್ರವರಿ 27, ಶುಕ್ರವಾರ

ಕ್ಯಾಂಟೀನಿನಲ್ಲಿ ಯಾರೂ ಹೂಂ ಅನ್ನಲಿಲ್ಲ. ಬಾಯಿ ತುಂಬಿತ್ತು. ವಕೀಲರು ಇನ್ನೊಂದಕ್ಕೆ ಕೈ ಹಾಕುವಾಗ ಹಲ್ಲಿನ ಡಾಕ್ಟರು ಅದನ್ನು ಎತ್ತಿಕೊಂಡುಬಿಟ್ಟರು, ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕ್ಯಾಂಟೀನಿನ ಅಕ್ಕ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ನೋಡಿ, ಸೋಮವಾರದಿಂದ ತನ್ನಿ, ಬುಟ್ಟಿ ಇದರ ಎರಡರಷ್ಟಿರಲಿ ಎಂದಳು.

ಮನೆಗೆ ಹೋಗುವ ದಾರಿಯಲ್ಲಿ ಇವಳು, ರಸ್ತೆ ದಾಟಿದ ಮೇಲೆ, ಎರಡು ಬುಟ್ಟಿಯಷ್ಟು ಒಬ್ಬಳ ಕೈಯಲ್ಲಿ ಆಗಲ್ಲ, ಮೊದಲ ಕಾವಲಿ ನಿಮ್ಮದು, ಎರಡನೆಯದು ನಂದು ಎಂದಳು.

ನನ್ನ ಅಟ್ಟೆಯನ್ನು ತಿಂದು ಡಾಕ್ಟರ ಹಲ್ಲೇ ಬೀಳುತ್ತದೆ ಎಂದೆ.

"ಬೀಳಲ್ಲ ಬಿಡ್ರಿ," ಎಂದಳು. "ಅಮ್ಮನಿಗೇ ಬಿದ್ದಿಲ್ಲ."

ಅತ್ತೆಗೆ ಬೀಳಲು ಹಲ್ಲೆಲ್ಲಿದೆ. ಸಂತೋಷದಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದು ನಾನೂ ಬಿಟ್ಟುಬಿಟ್ಟೆ.

ಮಾರ್ಚ್ 2, ಸೋಮವಾರ

ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ನಾವಿಬ್ಬರೂ ಇದ್ದೆವು. ಒಂದು ಕಾವಲಿ ನನ್ನದು, ಒಂದು ಅವಳದ್ದು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನೀರು ಬಿಸಿಯಾಯಿತಾ ಎಂದೂ ಕೇಳಲಿಲ್ಲ. ನಾನು ಮಣಿಕಟ್ಟಿಗೆ ಬಿಟ್ಟುಕೊಂಡು ನೋಡಿದೆ. ಬುಟ್ಟಿಯ ಎಡಗಡೆ ಒಬ್ಬರದ್ದು, ಬಲಗಡೆ ಇನ್ನೊಬ್ಬರದ್ದು, ನಡುವೆ ಒಂದು ಬಟ್ಟೆ.

ಒಂಬತ್ತೂವರೆಗೆ ಹಲ್ಲಿನ ಡಾಕ್ಟರು ಎರಡೂ ಕೈಯಲ್ಲಿ ಒಂದೊಂದು ಬನ್ನು ಹಿಡಿದುಕೊಂಡು ಲಿಫ್ಟು ಹತ್ತಿದರು. ಒಂದನ್ನು ಕಚ್ಚಿದರು, ಇನ್ನೊಂದನ್ನು ಕಚ್ಚಿದರು, ಮತ್ತೆ ಮೊದಲನೆಯದನ್ನು ಕಚ್ಚಿದರು. ಇವು ಎರಡು ಕೈಯವು, ನನಗೆ ಗೊತ್ತಾಗುತ್ತದೆ, ಎರಡೂ ಚೆನ್ನಾಗಿವೆ, ಆದರೆ ಇದು ಒಂದು ಕೂದಲೆಳೆ ಮೇಲು ಎಂದು ಒಂದನ್ನು ನನ್ನ ಮೂಗಿನ ಮುಂದೆ ಹಿಡಿದರು. ಯಾರು ಮಾಡಿದ್ದು ಇದನ್ನು, ಹೇಳಯ್ಯ, ನಿನಗೆ ಗೊತ್ತಿಲ್ಲದೆ ಇರುತ್ತದಾ ಎಂದರು.

ಬುಟ್ಟಿಯ ಯಾವ ಪಕ್ಕದ್ದು ಎಂದು ಕೇಳಿದೆ. ಹೇಳಿದರು.

ಮೂರು ಮಹಡಿಯಷ್ಟು ದೂರ ಇತ್ತು. ಹೇಳಲು ಬೇಕಾದಷ್ಟು ಸಮಯ. ನಾನು ಇದಕ್ಕಿಂತ ದೊಡ್ಡ ಕಥೆಯನ್ನು ಒಂದೇ ಮಹಡಿಯಲ್ಲಿ ಮುಗಿಸಿದವನು.

"ಮೂರನೇ ಮಹಡಿ ಸಾರ್," ಎಂದೆ. "ಇಳೀರಿ."

ಯಾವ ಪಕ್ಕ ಎಂದು ಇಲ್ಲೂ ಬರೆಯುವುದಿಲ್ಲ.